ಅಮ್ಮ ಬಿಲಿಯರ್ಡ್ಸ್ ಕಲಿತದ್ದು

ಸೇಲಂ ಹತ್ತಿರದ ಏರ್ಕಾಡು ಬೆಟ್ಟದ ಮೇಲೆ ಕಾಫಿ ತೋಟದ ಮಾಲೀಕರು ಸೇರುತ್ತಿದ್ದ ಒಂದು ಹಳೆಯ ಕ್ಲಬ್ಬಿನಲ್ಲಿ ಅಪ್ಪ ಕೆಲಸಕ್ಕಿದ್ದರು. ಅಲ್ಲಿಯ ಬಿಲಿಯರ್ಡ್ಸ್ ಕೋಣೆ ಅವರ ಸುಪರ್ದಿಗೆ ಸೇರಿತ್ತು. ಆಟ ನಡೆಯುವಾಗ ಅಂಕ ಕೂಗುವುದು, ಚೆಂಡುಗಳನ್ನು ತೆಗೆದು ಮತ್ತೆ ಜೋಡಿಸುವುದು, ಮೇಜಿನ ಹಸಿರು ಬಟ್ಟೆಯನ್ನು ಬ್ರಷ್ಷಿನಿಂದ ತೀಡುವುದು, ಹೊಡೆಯುವ ಕೋಲುಗಳನ್ನು ನೋಡಿಕೊಳ್ಳುವುದು. ಕ್ಲಬ್ಬುಗಳಲ್ಲಿ ಈ ಕೆಲಸದವರನ್ನು ಮಾರ್ಕರ್ ಅನ್ನುತ್ತಾರೆ. ನಂಗವಳ್ಳಿ ಹತ್ತಿರದ ನಮ್ಮ ಊರಲ್ಲಿ ಆ ಮಾತು ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಅಪ್ಪ, "ಟೇಬಲ್ ನೋಡ್ಕತೀನಿ" ಎಂದಷ್ಟೇ ಹೇಳುತ್ತಿದ್ದರು. ಊಟದ ಮೇಜು ಒರೆಸುವ ಕೆಲಸವೆಂದು ಊರು ತಿಳಿದುಕೊಂಡಿತ್ತು. ಅಮ್ಮನೂ ಹಾಗೇ ತಿಳಿದಿದ್ದಳು.

ಅಪ್ಪ ರಜೆಯಲ್ಲಿ ಮನೆಗೆ ಬಂದಾಗ ಅವರ ಅಂಗಿಯ ತೋಳಿಗೂ ಜೇಬಿಗೂ ನೀಲಿ ಪುಡಿ ಮೆತ್ತಿರುತ್ತಿತ್ತು. ಬಿಳಿ ಬಟ್ಟೆಗೆ ಹಾಕುವ ನೀಲಿ ಇರಬೇಕೆಂದು ಅಮ್ಮ ಎಣಿಸಿದ್ದಳು. ತೊಟ್ಟಿಯ ಹತ್ತಿರ ಕೂತು ಆ ಅಂಗಿಯನ್ನು ಉಜ್ಜುತ್ತಾ, "ಬಟ್ಟೆನೂ ಇವರ ಕೈಲೇ ಒಗೆಸ್ತಾರೆ ಅಂತ ಕಾಣ್ತದೆ" ಎಂದು ಒಮ್ಮೆ ನನ್ನೊಡನೆ ಹೇಳಿದ್ದಳು. ಅಪ್ಪನನ್ನು ಅವಳು ಅದನ್ನು ಕೇಳಲಿಲ್ಲ. ಮನೆಯಲ್ಲಿ ಇದ್ದಷ್ಟು ಹೊತ್ತು ಅವರಿಬ್ಬರೂ ಬಾವಿಯ ನೀರು, ಜೋಳ, ಕಡಲೆಕಾಯಿ, ನನ್ನ ಓದು, ಇವನ್ನೇ ಮಾತಾಡುತ್ತಿದ್ದರು. ಬೆಟ್ಟದ ಮೇಲೆ ಅಪ್ಪನಿಗಿದ್ದದ್ದು ಇನ್ನೂ ಕೆಲವರೊಂದಿಗೆ ಹಂಚಿಕೊಂಡ ಒಂದು ಕೋಣೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಅದಲ್ಲ.

ನನಗೆ ನಿಜ ತಿಳಿದದ್ದು ನಾನು ಸೇಲಂನಲ್ಲಿ ಕಂಪ್ಯೂಟರ್ ಕಲಿಯಲು ಸೇರಿದ ಮೇಲೆ. ಅಪ್ಪ ಊರಿಗೆ ಹೋಗುವ ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನನ್ನು ಕಂಡು, ಟೀ ಕುಡಿಸಿ ಹೋಗುತ್ತಿದ್ದರು. ಒಂದು ದಿನ ಖಾಲಿ ಲೋಟಗಳನ್ನು ಅತ್ತಿತ್ತ ಸರಿಸಿ, ಒಂದು ಚೆಂಡು ಇನ್ನೊಂದಕ್ಕೆ ತಾಗಿ ಯಾವ ಕಡೆ ಓಡುತ್ತದೆಂದು ತೋರಿಸಿದರು. ಮನೆಯಲ್ಲಿ ಎಂದೂ ಕಾಣದ ಉತ್ಸಾಹ ಅವರ ಮುಖದಲ್ಲಿತ್ತು.

"ಅಮ್ಮಂಗೆ ಯಾಕಪ್ಪ ಏಳಿಲ್ಲ ಇದನ್ನ?" ಎಂದೆ.

"ಕಣ್ಣಲ್ಲಿ ನೋಡಿದ್ರೆ ತಿಳೀತದೆ. ಬಾಯಲ್ಲಿ ಏನಂತ ಏಳ್ಲಿ? ದೊಡ್ಡೋರು ಗುಂಡು ಒಡೀತಾರೆ, ನಾನು ಎಣಿಸ್ತೀನಿ ಅಂದ್ರೆ ನಗ್ತಾಳೆ."

ಅದಾದ ಮರುವರ್ಷ ಅಪ್ಪ ತೀರಿಕೊಂಡರು. ಮಧ್ಯಾಹ್ನ ಎದೆನೋವೆಂದು ಮಲಗಿದವರು ಏಳಲಿಲ್ಲವಂತೆ. ಕ್ಲಬ್ಬಿನವರೇ ವ್ಯಾನಿನಲ್ಲಿ ಊರಿಗೆ ತಂದುಬಿಟ್ಟರು. ಅಮ್ಮ ಅಳಲಿಲ್ಲ. ಮೂಲೆಯಲ್ಲಿ ಕೂತವಳು ಹಾಗೇ ಕೂತಳು. ಬಂದವರೊಂದಿಗೆ ಮಾತಿಲ್ಲ, ಊಟ ಮುಂದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ತಿಂಗಳುಗಳು ಕಳೆದರೂ ಹೊಲದ ಕಡೆ ಹೋಗಲಿಲ್ಲ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಪಕ್ಕದ ಮನೆಯಲ್ಲೇ ಇದ್ದಳು. ಅವಳ ಮಾತೂ ನಡೆಯಲಿಲ್ಲ. ಅಷ್ಟರಲ್ಲಿ ನನಗೆ ಹರೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. "ಇವಳನ್ನೂ ಕರ್ಕೊಂಡ್ ಓಗು. ಇಲ್ಲಿದ್ರೆ ಇವಳೂ ಓಗಿಬಿಡ್ತಾಳೆ" ಎಂದಳು ದೊಡ್ಡಮ್ಮ. ಹರೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು.

ಸೆಂಟರ್ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ವಿದ್ಯಾರ್ಥಿಗಳು ಬರುತ್ತಿದ್ದದ್ದು ಬೆಳಗ್ಗೆ ಮತ್ತು ಸಂಜೆ. ಮಧ್ಯಾಹ್ನ ಅಮ್ಮ ನನಗೆ ಊಟ ತರುತ್ತಿದ್ದಳು. ಕೋಣೆಯಿಂದ ಅವಳನ್ನು ಹೊರಗೆ ಹೊರಡಿಸಲು ನಾನೇ ಕಂಡುಕೊಂಡ ಉಪಾಯ ಅದು. ಊಟದ ಡಬ್ಬಿ ಇಟ್ಟು, ಗೋಡೆ ಕಡೆ ನೋಡುತ್ತಾ ಕೂರುತ್ತಿದ್ದಳು. ನಾನು ಉಂಡು ಮುಗಿಸಿದ ಮೇಲೆ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದಳು.

ಒಬ್ಬ ವಿದ್ಯಾರ್ಥಿ ಸೇಲಂನಿಂದ ಫ್ಲಾಪಿಯಲ್ಲಿ ಒಂದು ಆಟ ತಂದು ಕಂಪ್ಯೂಟರಿಗೆ ಹಾಕಿದ್ದ. ಪೂಲ್ ಆಟ. ಬಿಲಿಯರ್ಡ್ಸ್ ಕುಟುಂಬದ್ದೇ, ಮೇಜು ಮಾತ್ರ ಸ್ವಲ್ಪ ಚಿಕ್ಕದು. ಪರದೆಯ ಮೇಲೆ ಹಸಿರು ಮೇಜು, ಆರು ಗುಂಡಿ, ಬಣ್ಣಬಣ್ಣದ ಚೆಂಡುಗಳು. ಮೌಸ್ ತಿರುಗಿಸಿದರೆ ಕೋಲು ತಿರುಗುತ್ತಿತ್ತು. ಹಿಂದಕ್ಕೆ ಎಳೆದು ಬಿಟ್ಟರೆ ಬಿಳಿ ಚೆಂಡು ಓಡುತ್ತಿತ್ತು. ಚೆಂಡಿನ ಮೇಲೆ ಎಲ್ಲಿ ಹೊಡೆಯಬೇಕು, ಎಷ್ಟು ಜೋರಾಗಿ ಹೊಡೆಯಬೇಕು ಎಂಬುದನ್ನೂ ಆರಿಸಿಕೊಳ್ಳಬಹುದಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ನಾನು ಅದನ್ನು ತೆರೆದು ಆಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಅಮ್ಮ ನನ್ನ ಕುರ್ಚಿಯ ಹಿಂದೆ ಬಂದು ನಿಂತದ್ದು ಗೊತ್ತಾಯಿತು.

"ಇದೇನಮ್ಮಿ, ಗೋಲಿ ಆಟವಾ?"

ಹರೂರಿಗೆ ಬಂದ ಮೇಲೆ ಅವಳಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ನಾನು ತಿರುಗದೆ ಹೇಳಿದೆ.

"ಅಪ್ಪ ನೋಡ್ಕತಿದ್ದ ಟೇಬಲ್ ಇದೇ ಕಣಮ್ಮ."

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ನಾನು ಒಂದೊಂದನ್ನೇ ತೋರಿಸುತ್ತಾ ಹೋದೆ. ಇದು ಕೋಲು, ಇವು ಚೆಂಡು ಬೀಳುವ ಗುಂಡಿಗಳು, ಇಲ್ಲಿ ಅಂಕ ಬರುತ್ತದೆ, ಅಲ್ಲಿ ಅದನ್ನು ಅಪ್ಪ ಕೂಗಿ ಹೇಳುತ್ತಿದ್ದರು. ಮೇಜಿನ ಅಂಚಿನಲ್ಲಿ ನೀಲಿ ಬಣ್ಣದ ಒಂದು ಪುಟ್ಟ ಚೌಕವನ್ನು ಬಿಡಿಸಿದ್ದರು. ಅವಳ ಬೆರಳು ಅದರ ಮೇಲೆ ಹೋಗಿ ನಿಂತಿತು.

"ಇದು?"

"ಸೀಮೆಸುಣ್ಣ ಇದ್ದಂಗೆ. ಕೋಲಿನ ತುದಿಗೆ ಉಜ್ತಾರೆ, ಜಾರ್ದೆ ಇರ್ಲಿ ಅಂತ."

ಅಮ್ಮ ಬಹಳ ಹೊತ್ತು ಆ ನೀಲಿಯನ್ನೇ ನೋಡಿದಳು. "ಬಟ್ಟೆ ಒಗೆಸ್ತಾರೆ ಅನ್ಕಂಡಿದ್ದೆ" ಎಂದಳು. ಡಬ್ಬಿ ತೆಗೆದುಕೊಂಡು ಕೆಳಗಿಳಿದು ಹೋದಳು.

ಮರುದಿನ ಮಾಮೂಲಿಗಿಂತ ಬೇಗ ಬಂದಳು. ನಾನಿನ್ನೂ ಉಣ್ಣುತ್ತಿರುವಾಗಲೇ, "ಅದನ್ನ ಆಕು" ಎಂದಳು. ಮೌಸಿನ ಮೇಲೆ ಅವಳ ಕೈಯಿಟ್ಟು, ಮೇಲೆ ನನ್ನ ಕೈಯಿಟ್ಟು ಕಲಿಸಿದೆ. ಮೊದಮೊದಲು ಬಾಣದ ಗುರುತು ಪರದೆಯ ಮೂಲೆಗೆ ಓಡಿ ಸಿಕ್ಕಿಕೊಳ್ಳುತ್ತಿತ್ತು. ಬಿಳಿ ಚೆಂಡೇ ಗುಂಡಿಗೆ ಬೀಳುತ್ತಿತ್ತು. ಅವಳಿಗೆ ಗೆಲ್ಲುವ ಆತುರವಿರಲಿಲ್ಲ. ಹೊಡೆದು, ಚೆಂಡುಗಳೆಲ್ಲ ನಿಲ್ಲುವವರೆಗೆ ಕಾದು, ಎಲ್ಲಿ ನಿಂತವು ಎಂದು ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಕಲಿಯುತ್ತಾ ಕಲಿಯುತ್ತಾ ಅಪ್ಪನ ಬಗ್ಗೆ ಕೇಳತೊಡಗಿದಳು. ದಿನವಿಡೀ ನಿಂತೇ ಇರಬೇಕಾ? ಬಗ್ಗಿ ಬಗ್ಗಿ ಗುಂಡು ಎತ್ತಬೇಕಾ? ಸೊಂಟನೋವು ಅನ್ನುತ್ತಿದ್ದದ್ದು ಅದಕ್ಕೇನಾ? ನನಗೆ ತಿಳಿದಷ್ಟು ಹೇಳಿದೆ. ತಿಳಿಯದ್ದೇ ಹೆಚ್ಚಾಗಿತ್ತು.

ಸೆಂಟರಿನ ಯಜಮಾನರು ಒಂದು ದಿನ ಅಕಸ್ಮಾತ್ ಮಧ್ಯಾಹ್ನ ಬಂದರು. ತಲೆ ಮೇಲೆ ಸೆರಗು ಹೊದ್ದ ಹೆಂಗಸು ಪೂಲ್ ಆಡುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು. ನಾನು ಎದ್ದು ನಿಂತೆ. ಅಮ್ಮನೂ ಏಳಲು ಹೋದಾಗ ಅವರು ಕೈ ಸನ್ನೆ ಮಾಡಿ, "ಉಕ್ಕಾರುಂಗ ಅಮ್ಮಾ" ಎಂದು ಕೂರಲು ಹೇಳಿದರು. ಆಮೇಲೆ ನನ್ನ ಬಳಿ ವಿಷಯ ಕೇಳಿ ತಿಳಿದುಕೊಂಡರು. ಮುಂದಿನ ವಾರ ಅವರೇ ಇನ್ನೊಂದು ಫ್ಲಾಪಿ ತಂದುಕೊಟ್ಟರು. ಅದೂ ಬಿಲಿಯರ್ಡ್ಸೇ, ಆದರೆ ಒಗಟಿನ ಥರ. ಮೇಜಿನ ಆಕಾರ ಒಂದೊಂದು ಹಂತಕ್ಕೆ, ಅಮ್ಮನ ಮಾತಲ್ಲಿ ಒಂದೊಂದು ಮನೆಗೆ, ಒಂದೊಂದು ರೀತಿ, ನಡುವೆ ಗೋಡೆಗಳು. ಕೊಟ್ಟಷ್ಟೇ ಹೊಡೆತಗಳಲ್ಲಿ ಎಲ್ಲ ಚೆಂಡುಗಳನ್ನೂ ಗುಂಡಿಗೆ ಇಳಿಸಬೇಕು. ತಪ್ಪಿದರೆ ಮೊದಲಿಂದ. ಅಮ್ಮ ಅದರಲ್ಲಿ ಒಂದು ಮನೆಯಲ್ಲಿ ಸಿಕ್ಕಿಕೊಂಡರೆ ರಾತ್ರಿ ಅಡುಗೆ ಮಾಡುವಾಗಲೂ ಅದೇ ಯೋಚನೆ. ಕಾಳು ಆರಿಸುತ್ತಾ ಮೊರದ ಮೇಲೆ ಬೆರಳಿನಿಂದ ಗೆರೆ ಎಳೆದು, "ಈ ಕಡೆ ಗೋಡೆಗೆ ಒಡುದ್ರೆ ಆ ಕಡೆ ಓಗ್ತದೆ, ಇಲ್ವಾ?" ಎಂದು ನನ್ನನ್ನು ಕೇಳುತ್ತಿದ್ದಳು. ಹೊಟ್ಟೆ ತುಂಬ ಉಣ್ಣತೊಡಗಿದ್ದಳು. ಆದರೂ ನಗು ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ.

ಹಾಗೆ ಆಡುತ್ತಿರುವಾಗಲೇ ಒಂದು ದಿನ ಕೈ ನಿಲ್ಲಿಸಿ ಕೇಳಿದಳು.

"ಅವರ ಟೇಬಲ್‌ನ ಈಗ ಯಾರು ನೋಡ್ಕತಾರೆ?"

"ಗೊತ್ತಿಲ್ಲಮ್ಮ."

"ಓಗಿ ನೋಡ್ಬೋದಾ?"

ಸೆಂಟರಿಗೆ ರಜೆ ಇದ್ದ ದಿನ ಬೆಳಗಿನ ಬಸ್ಸಿಗೆ ಸೇಲಂಗೆ ಹೋಗಿ, ಅಲ್ಲಿಂದ ಏರ್ಕಾಡಿನ ಬಸ್ಸು ಹತ್ತಿದೆವು. ತಿರುವುಗಳಲ್ಲಿ ಅಮ್ಮ ಮುಂದಿನ ಸೀಟಿನ ಕಂಬಿ ಹಿಡಿದು, ಕಿಟಕಿಯ ಹೊರಗೇ ನೋಡುತ್ತಿದ್ದಳು. ಈ ದಾರಿಯಲ್ಲಿ ಅವಳು ಬಂದದ್ದು ಅದೇ ಮೊದಲು. ಕ್ಲಬ್ಬಿನ ಗೇಟಿನಲ್ಲಿ ಅಪ್ಪನ ವಿಷಯ ಹೇಳಿದಾಗ ಕಾವಲುಗಾರ ಒಳಗೆ ಹೋಗಿ ಅಡುಗೆಯವರೊಬ್ಬರನ್ನು ಕರೆತಂದ. ವಯಸ್ಸಾದವರು. ಅಪ್ಪನ ಜೊತೆ ಒಂದೇ ಕೋಣೆಯಲ್ಲಿ ಇದ್ದವರು. ಅಮ್ಮನನ್ನು ನೋಡಿ ಕೈಮುಗಿದು, ಹಿಂದಿನ ವರಾಂಡದಿಂದ ನಮ್ಮನ್ನು ಒಳಗೆ ಕರೆದುಕೊಂಡು ಹೋದರು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ದಪ್ಪ ಬಿಳಿ ಹೊದಿಕೆ ಇತ್ತು. ಅವರು ಅದನ್ನು ಒಂದು ಕಡೆಯಿಂದ ಸುತ್ತುತ್ತಾ ತೆಗೆದರು.

"ಇಷ್ಟು ದೊಡ್ಡದಾ?" ಎಂದಳು ಅಮ್ಮ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಪರದೆಯ ಮೇಲೆ ಅಂಗೈಯಗಲ ಕಂಡದ್ದು ಇಲ್ಲಿ ನಮ್ಮ ಹರೂರಿನ ಕೋಣೆಯಲ್ಲಿ ಹಿಡಿಸದಷ್ಟಿತ್ತು. ಅವಳು ಅದರ ಸುತ್ತ ಒಂದು ಸಲ ನಡೆದಳು. ಅಪ್ಪನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಆಡುವವರೂ ಕಡಿಮೆಯಾಗಿದ್ದಾರೆ ಎಂದು ಅಡುಗೆಯವರು ತಮಿಳಿನಲ್ಲಿ ಹೇಳಿದರು. "ಮಧ್ಯಾಹ್ನ ಮೆಂಬರುಗಳು ಇಲ್ಲದ ಹೊತ್ತಲ್ಲಿ ಅವರೊಬ್ಬರೇ ಆಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಸದ್ದು ಕೇಳಿಸಿಕೊಳ್ಳುತ್ತಿದ್ದೆ" ಎಂದರು.

ಮೂಲೆಯಲ್ಲಿ ಮೊಳೆಗೆ ನೇತುಹಾಕಿದ ಉದ್ದನೆಯ ಬ್ರಷ್ ಇತ್ತು. ಅಮ್ಮ ಅದನ್ನು ತೋರಿಸಿ, ಮುಟ್ಟಬಹುದೇ ಎಂದು ಕೇಳಿದಳು. ಅವರು ತೆಗೆದು ಕೈಗೆ ಕೊಟ್ಟರು. ಈ ತುದಿಯಿಂದ ಆ ತುದಿಗೆ ಒಂದೇ ದಿಕ್ಕಿನಲ್ಲಿ ತೀಡಬೇಕು, ಹಿಂದಕ್ಕೆ ಎಳೆಯಬಾರದು ಎಂದು ಹೇಳಿಕೊಟ್ಟರು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರುಮಾಡಿದಳು. ಅಂಗಳ ಗುಡಿಸುವಾಗಿನ ವೇಗ ಅದಲ್ಲ. ಎಳೆಮಗುವಿನ ತಲೆ ಬಾಚುವ ಹಾಗೆ, ಪಟ್ಟೆ ಪಟ್ಟೆಯಾಗಿ, ಮೇಜಿನ ಉದ್ದಕ್ಕೂ ನಡೆದು ತೀಡಿದಳು. ಕೊನೆಯ ಮೂಲೆ ಮುಗಿಸಿ ಬ್ರಷ್ ಕೆಳಗಿಟ್ಟಳು.

ಅಡುಗೆಯವರು ಕಪಾಟಿನಿಂದ ಎರಡು ಚೆಂಡು ತೆಗೆದಿಟ್ಟು, ಅವಳ ಕೈಗೊಂದು ಕೋಲು ಕೊಟ್ಟರು. ಅಮ್ಮ ಬಗ್ಗಿ, ಎಡಗೈಯನ್ನು ಬಟ್ಟೆಯ ಮೇಲೂರಿ ಹೊಡೆದಳು. ಕೋಲು ಜಾರಿತು. ಬಿಳಿ ಚೆಂಡು ಗೇಣುದ್ದ ಉರುಳಿ ನಿಂತಿತು. ಇನ್ನೊಮ್ಮೆ ಹೊಡೆದಾಗ ಅದು ಹೋಗಿ ಕೆಂಪು ಚೆಂಡಿಗೆ ತಾಗಿತು. ಖಾಲಿ ಕೋಣೆಯಲ್ಲಿ ಆ ಸದ್ದು ಸ್ಪಷ್ಟವಾಗಿ ಕೇಳಿತು. ಕಂಪ್ಯೂಟರಿನಲ್ಲಿ ಅಂಥ ಸದ್ದು ಇರಲಿಲ್ಲ.

ಅಮ್ಮ ಮೇಜಿನ ಅಂಚು ಹಿಡಿದುಕೊಂಡು ಅತ್ತಳು. ಸಾವಿನ ಮನೆಯಲ್ಲಿ ಅಳದವಳು, ಅಷ್ಟು ತಿಂಗಳು ತಡೆದಿಟ್ಟದ್ದನ್ನೆಲ್ಲ ಅಲ್ಲಿ ಅತ್ತಳು. ನಾನು ಹತ್ತಿರ ಹೋಗಿ ನಿಂತೆ. ಅಡುಗೆಯವರು ಹೊರಗೆ ಹೋಗಿ, ಬಹಳ ಹೊತ್ತಿನ ಮೇಲೆ ಕಾಫಿ ತಂದರು. ಅಷ್ಟರಲ್ಲಿ ಅವಳು ಮುಖ ಒರೆಸಿಕೊಂಡಿದ್ದಳು. "ನೀವು ಒಂದ್ಸಲ ನಮ್ಮೂರಿಗೆ ಊಟಕ್ಕೆ ಬರ್ಬೇಕು" ಎಂದು ಅವರನ್ನು ತಮಿಳಿನಲ್ಲಿ ಕರೆದಳು.

ಬೆಟ್ಟ ಇಳಿಯುವ ಬಸ್ಸಿನಲ್ಲಿ ಅವಳು ಮಾತಾಡುತ್ತಲೇ ಇದ್ದಳು. ಮದುವೆಯಾದ ಹೊಸತರಲ್ಲಿ ಅಪ್ಪ ಮೇಟೂರಿನ ಅಣೆಕಟ್ಟು ತೋರಿಸಲು ಕರೆದುಕೊಂಡು ಹೋದದ್ದು, ದಾರಿಯಲ್ಲಿ ಚಪ್ಪಲಿ ಹರಿದದ್ದು, ನಾನು ಹುಟ್ಟಿದಾಗ ಅವರು ಬೆಟ್ಟದಿಂದ ಕಿತ್ತಳೆ ಹಣ್ಣಿನ ಚೀಲ ಹೊತ್ತು ತಂದದ್ದು. ನನಗೆ ಒಂದೂ ಗೊತ್ತಿರಲಿಲ್ಲ. ಸೇಲಂ ಬಸ್ ಸ್ಟ್ಯಾಂಡಿನಲ್ಲಿ ದೋಸೆ ತಿನ್ನುವಾಗಲೂ ಮಾತು ನಿಲ್ಲಲಿಲ್ಲ.

ಆಮೇಲೂ ಅಮ್ಮ ಮಧ್ಯಾಹ್ನ ಬಂದು ಒಗಟಿನ ಆಟ ಆಡುತ್ತಿದ್ದಳು. ಕೆಲವು ಮನೆಗಳನ್ನು ಬಿಡಿಸಿದಳು, ಕೆಲವು ಕೊನೆಗೂ ಬಗೆಹರಿಯಲಿಲ್ಲ. ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮಳೆ ಬಿತ್ತೆಂದು ದೊಡ್ಡಮ್ಮ ಹೇಳಿ ಕಳಿಸಿದಾಗ, "ಅಕ್ಕ ಒಬ್ಬಳೇ ಎರಡು ಒಲ ಬಿತ್ತಕ್ಕಾಗಲ್ಲ. ನೀನು ಇಲ್ಲಿ ಇರ್ತೀಯಲ್ಲ?" ಎಂದು ನನ್ನನ್ನು ಕೇಳಿದಳು. ಇರುತ್ತೇನೆ ಎಂದೆ. ಬಸ್ಸು ಹತ್ತಿಸಲು ಹೋದಾಗ ಅವಳು ಕಿಟಕಿಯಿಂದ ಕೈ ಚಾಚಿ ನನ್ನ ಕೂದಲು ಸರಿಮಾಡಿ, ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಹೇಳಿದಳು. ಆ ವರ್ಷ ಕಡಲೆಕಾಯಿ ಚೆನ್ನಾಗಿ ಬಂತು.