ಬೋರ್ಡಣ್ಣನ ನೆರೆಮನೆ

ಬೋರ್ಡಣ್ಣನಿಗೆ ಓದಲು ಬರುತ್ತಿರಲಿಲ್ಲ. ನಗಬೇಡಿ. ದರ್ಜಿ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರ ಬಾಗಿಲವರೆಗೆ ಅವನ ಕೈಬರಹ ಇಲ್ಲದ ಬೀದಿಯೇ ಆ ಊರಲ್ಲಿ ಇರಲಿಲ್ಲ. 'ಅಕ್ಷರ ಅಂದ್ರೆ ಬೋರ್ಡಣ್ಣಂದು, ಮಿಕ್ಕವರದ್ದೆಲ್ಲ ಕೋಳಿ ಕೆದರಿದ್ದು' ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಆ ಅಕ್ಷರಗಳು ಏನು ಹೇಳುತ್ತವೆ ಎಂಬುದು ಮಾತ್ರ ಬರೆದವನಿಗೇ ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತರ ಹರೆಯದಲ್ಲಿ ಬಣ್ಣದ ಮೇಸ್ತ್ರಿಯೊಬ್ಬರ ಹತ್ತಿರ ಗೋಡೆಗೆ ಸುಣ್ಣ ಬಳಿಯಲು ಸೇರಿಕೊಂಡಿದ್ದ. ಒಮ್ಮೆ ಮೇಸ್ತ್ರಿಗೆ ಜ್ವರ ಬಂದು ಕೈ ನಡುಗಿತು. ಚೀಟಿಯನ್ನು ಇವನ ಮುಂದೆ ಹಿಡಿದು, ಇದರಲ್ಲಿರೋದನ್ನ ಇದ್ದ ಹಾಗೇ ತಗಡಿನ ಮೇಲೆ ಇಳಿಸು ಅಂದರು. ಇಳಿಸಿದ. ಮೇಸ್ತ್ರಿಯ ಅಕ್ಷರಕ್ಕಿಂತ ಚೆನ್ನಾಗಿ ಬಂತು. ಅವನಿಗೆ ಅದು ಚಿತ್ರ, ಅಷ್ಟೇ. ಠ ಒಂದು ಕಣ್ಣು, ರ ಒಂದು ಬಳೆ, ಒತ್ತಕ್ಷರ ಎಂದರೆ ಸೊಂಟಕ್ಕೆ ಜೋತುಬಿದ್ದ ಕೂಸು. ಆ ದಿನದಿಂದ ಸುಣ್ಣದ ಬಕೆಟ್ಟು ಬಿಟ್ಟು ಬ್ರಷ್ಷು ಹಿಡಿದ. ಓದಲು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಬರೆಯುವವನನ್ನು ಓದು ಬರುತ್ತಾ ಎಂದು ಯಾರಾದರೂ ಕೇಳುತ್ತಾರೆಯೇ?

ಗುಟ್ಟು ಗೊತ್ತಾದದ್ದು ಹೆಂಡತಿಗೆ. ಏಳನೇ ಕ್ಲಾಸು ಓದಿದವಳು ಅವಳು. ಮದುವೆಯಾದ ಹೊಸತರಲ್ಲಿ ಪೇಪರಿನಲ್ಲಿ ಬಂದ ಏನನ್ನೋ ಓದಿ ಹೇಳಿ ಅಂದಳು, ಇವನು ಕಣ್ಣುರಿ ಅಂದ. ಮರುದಿನವೂ ಕಣ್ಣುರಿ. ಮೂರನೇ ದಿನ ಅವಳು ಏನೂ ಕೇಳಲಿಲ್ಲ. ಇವನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ ತಗಡಿನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಇಲ್ಲೊಂದು ಕೊಂಬು ಬಿಟ್ಟುಹೋಗಿದೆ, ಇಲ್ಲಿ ದೀರ್ಘ ಬೇಕು ಅಂದಳು. ಅಲ್ಲಿಂದ ಮುಂದೆ ಪ್ರತಿ ಸಂಜೆಯೂ ಹಾಗೆಯೇ. ಅವಳು ಒದ್ದೆ ಬಟ್ಟೆ ಹಿಡಿದು ತಪ್ಪು ಒರೆಸಬೇಕು, ಕೊನೆಗೆ 'ಹೂಂ, ಬಳೀರಿ' ಅನ್ನಬೇಕು. ಅವಳ ಹೂಂ ಬೀಳದೆ ಬಣ್ಣದ ಡಬ್ಬಿಯ ಮುಚ್ಚಳ ತೆರೆಯುತ್ತಿರಲಿಲ್ಲ.

ಅದೇ ವರ್ಷ ಅವನಿಗೊಂದು ರುಜುವನ್ನೂ ಕಲಿಸಿಕೊಟ್ಟಳು. ದೊಡ್ಡ ಕೆಲಸಗಾರರೆಲ್ಲ ಬೋರ್ಡಿನ ಮೂಲೆಯಲ್ಲಿ ರುಜು ಹಾಕುತ್ತಾರೆ, ನೀವ್ಯಾಕೆ ಹಾಕಬಾರದು ಎಂದು ಒಂದು ಪುಟ್ಟ ಸಾಲು ಬರೆದುಕೊಟ್ಟಳು. ಅವನು ಅದನ್ನು ಕೈಗೆ ಅಭ್ಯಾಸ ಮಾಡಿಕೊಂಡು ಪ್ರತಿ ಬೋರ್ಡಿನ ಬಲಮೂಲೆಯಲ್ಲಿ ಸಣ್ಣ ಬ್ರಷ್ಷಿನಿಂದ ಬರೆಯುತ್ತಿದ್ದ. ಗಿರಾಕಿಗಳು ಬಗ್ಗಿ ನೋಡಿ ಬಾಯ್ತುಂಬ ನಗುತ್ತಿದ್ದರು. ತನ್ನ ರುಜುವಿನ ಒಯ್ಯಾರಕ್ಕೆ ಮೆಚ್ಚಿ ನಗುತ್ತಿದ್ದಾರೆ ಎಂದುಕೊಂಡು ಅವನೂ ನಗುತ್ತಿದ್ದ.

ಆ ದಿನಗಳಲ್ಲೇ ನರ್ಸಮ್ಮ ಬಂದದ್ದು. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿ ಮನೆಯಲ್ಲಿ ಕಾಲು ಚಾಚಿ ಕೂರಬೇಕಾದ ಹೆಂಗಸು ರೈಲುಹಳಿಯ ಆಚೆ ಕೇರಿಯಲ್ಲಿ ಒಂದು ಹಳೆಯ ಇದ್ದಿಲು ಗೋದಾಮು ಬಾಡಿಗೆಗೆ ಹಿಡಿದರು. ಆ ಕೇರಿಗೆ ಬೀದಿದೀಪ ಬಂದಿರಲಿಲ್ಲ, ನಲ್ಲಿ ಇದ್ದದ್ದು ಒಂದೇ, ಅದೂ ಕೆಮ್ಮಿ ಕೆಮ್ಮಿ ನೀರು ಬಿಡುವಂಥದ್ದು. ನರ್ಸಮ್ಮ ಗೋದಾಮಿನೊಳಗೆ ಎರಡು ಬೆಂಚು ಹಾಕಿಸಿದರು, ಕೂಸುಗಳನ್ನು ತೂಗುವ ತಕ್ಕಡಿಯೊಂದನ್ನು ತಂದಿಟ್ಟರು. ಗಾಯ ತೊಳೆದು ಕಟ್ಟುವುದು, ಅರ್ಜಿ ಬರೆದುಕೊಡುವುದು, ಯಾರು ಯಾವ ಕಚೇರಿಗೆ ಹೋಗಬೇಕು ಎಂದು ಹೇಳುವುದು, ಇಷ್ಟೇ ಅವರ ಯೋಚನೆ. 'ನೆರವಿನ ಮನೆ' ಎಂದು ಚೀಟಿಯಲ್ಲಿ ಬರೆದು ಬೋರ್ಡಣ್ಣನ ಕೈಗೆ ಕೊಟ್ಟರು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬೋರ್ಡು ಮೇಲಿರಬೇಕು ಅಂದರು.

ಗ್ರಹಚಾರ ನೋಡಿ, ಅದೇ ದಿನ ಮಧ್ಯಾಹ್ನ ಹೆಂಡತಿಗೆ ನೋವು ಕಾಣಿಸಿಕೊಂಡು ಹೆರಿಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಇವನು ಅಲ್ಲಿಂದ ಓಡಿಬಂದು ಕೆಲಸಕ್ಕೆ ಕೂತ. ಮನಸ್ಸೆಲ್ಲ ಆಸ್ಪತ್ರೆಯಲ್ಲಿ. ಬ್ರಷ್ಷು ಅದ್ದಿದ್ದ ಸೀಮೆಎಣ್ಣೆಯ ಹನಿಯೊಂದು ಚೀಟಿಯ ನಟ್ಟನಡುವೆ ಬಿದ್ದು ಮಸಿ ಹರಡಿತು. 'ವಿನ' ಎಂಬುದು ನೀಲಿ ಕಲೆಯಾಗಿ ಹೋಯಿತು. 'ವಿ'ಯ ತಲೆ ಮೇಲಿನ ಸುಳಿ ಮಾತ್ರ ಉಳಿದು ಪಕ್ಕದ 'ರ'ಕ್ಕೆ ಎತ್ವದ ಹಾಗೆ ಅಂಟಿಕೊಂಡಂತೆ ಕಂಡಿತು. ಬಳೆಯ ತಲೆ ಮೇಲೊಂದು ಸುಳಿ ಇದೆ, ಇರಲಿ, ಎಂದುಕೊಂಡು ಕಂಡದ್ದನ್ನು ಕಂಡ ಹಾಗೆ ಬರೆದ. ಮೂಲೆಯಲ್ಲಿ ರುಜುವನ್ನೂ ಹಾಕಿದ. ಬೆರಳಿಟ್ಟು ಓದುವವಳು ಇರಲಿಲ್ಲ.

ಬೆಳಿಗ್ಗೆ ಬೋರ್ಡು ಮೇಲೇರಿತು. ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ಏನಪ್ಪಾ ಇದು, ನಾನು ಬರೆದುಕೊಟ್ಟಿದ್ದು ನೆರವಿನ ಮನೆ, ನೀನು ಬರೆದಿರೋದು ನೆರೆಮನೆ!"

ಇವತ್ತಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡ ಬೋರ್ಡಣ್ಣ. ಅಷ್ಟರಲ್ಲಿ ಬಟ್ಟೆ ಒಗೆಯುವ ಕೆಲಸದ ಹೆಂಗಸೊಬ್ಬಳು ಕೈ ಸುಟ್ಟುಕೊಂಡ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಧರ್ಮಕ್ಕೆ ಮಾಡುವ ಜಾಗವೇನೋ ಎಂದು ಮೊದಲು ಹಿಂಜರಿದಳಂತೆ. ನೆರೆಮನೆ ಅಂತ ಬರೆದಿದೆ ಎಂದು ಯಾರೋ ಓದಿ ಹೇಳಿದರಂತೆ. ನೆರೆಮನೆಗೆ ಹೋಗಲು ನಾಚಿಕೆ ಯಾತರದು ಎಂದು ಬಂದಳಂತೆ. ನರ್ಸಮ್ಮ ಕೂಸಿನ ಕೈಗೆ ಮುಲಾಮು ಹಚ್ಚಿ ಕಳಿಸಿ, ಬೋರ್ಡನ್ನು ಇನ್ನೊಮ್ಮೆ ನೋಡಿ, ಇರಲಿ ಬಿಡಪ್ಪಾ, ನನಗಿಂತ ನಿನ್ನ ತಲೆ ಚುರುಕು ಅಂದರು. ಆಮೇಲೆ ಬಂದವರಿಗೆಲ್ಲ ಅದೇ ಹೇಳಿದರು. ನೆರವು ಅಂದರೆ ಕೈ ಚಾಚಬೇಕು, ನೆರೆಮನೆ ಅಂದರೆ ಬಾಗಿಲು ತಟ್ಟಿದರೆ ಸಾಕು, ಇದನ್ನು ಯೋಚಿಸಿದವನು ನಮ್ಮ ಬೋರ್ಡಣ್ಣ! ಇವನು ತಲೆ ತಗ್ಗಿಸಿ ನಿಂತ. ಎಂಥಾ ವಿನಯ ಎಂದು ಜನ ಅದನ್ನೂ ಹೊಗಳಿದರು.

ಹೆಣ್ಣುಕೂಸು ಎತ್ತಿಕೊಂಡು ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಆ ಬೋರ್ಡು ಓದಿ, ನಡೆದದ್ದನ್ನೆಲ್ಲ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ದಿನ ನಾನಿಲ್ಲ ಅಂದರೆ ಇಷ್ಟು ದೊಡ್ಡವರಾಗಿಬಿಡುತ್ತೀರಾ ಅಂದಳು.

ಮೊದಲ ಮಳೆಗೆ ಗೋದಾಮು ಸೋರಿ ಬೆಂಚಿನ ಕೆಳಗೆ ಪಾದ ಮುಳುಗುವಷ್ಟು ನೀರು ನಿಂತಾಗ ಕ್ಷೌರಿಕನೊಬ್ಬ, ನೆರೆಮನೆ ಅಂತ ಸುಮ್ಮನೆ ಬರೆದರಾ, ನೆರೆ ಬಂದೇ ಬಂತು ನೋಡಿ ಎಂದು ಗೇಲಿ ಮಾಡಿದ. ಮಾಡಿದವನೇ ಏಣಿ ತಂದು ಹೆಂಚು ಸರಿಪಡಿಸಿದ. ನೆರೆಮನೆ ಬೆಳೆದದ್ದು ಹೀಗೆಯೇ, ಬಂದವರು ಏನಾದರೊಂದು ಮಾಡಿ ಹೋಗುತ್ತಾ. ಎರಡನೇ ನಲ್ಲಿಗಾಗಿ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಪುರಸಭೆ ಕಚೇರಿಯ ಮೆಟ್ಟಿಲ ಮೇಲೆ ಎರಡು ದಿನ ಕೂತರು. ನಲ್ಲಿ ಬಂತು. ಅದನ್ನು ಕಂಡ ಗಿರಣಿ ಹಿಂದಿನ ಕೇರಿಯವರು ನಮಗೂ ಒಂದು ನೆರೆಮನೆ ಬೇಕು ಅಂದರು. ಮೂವತ್ತು ವರ್ಷದಲ್ಲಿ ಏಳು ಕೇರಿಗಳಲ್ಲಿ ಏಳು ನೆರೆಮನೆಗಳಾದವು. ಏಳೂ ಬೋರ್ಡು ಬರೆದವನು ಇವನೇ. ಮೊದಲನೆಯದರ ನಂತರ ಚೀಟಿ ಬೇಕಿರಲಿಲ್ಲ. ಜಗತ್ತಿನಲ್ಲಿ ಅವನು ಓದಬಲ್ಲ ಪದ ಅದೊಂದೇ ಆಗಿತ್ತು.

ದೊಡ್ಡವರಿಗೆ ಓದು ಕಲಿಸುವ ತರಗತಿ ಶುರುವಾದಾಗ ಅದರ ಬೋರ್ಡನ್ನೂ ಬರೆದ. ಒಳಗೆ ಹೋಗಿ ಕೂರಿ ಎಂದು ಹೆಂಡತಿ ಮೆಲ್ಲಗೆ ತಿವಿದಳು. ಬೋರ್ಡು ಬರೆಯುವವನೇ ಹೋಗಿ ಅ ಆ ಅಂತ ಕೂತರೆ ನಾಳೆ ಮುಖ ಎಲ್ಲಿಡಲಿ ಎಂದು ರೇಗಿದ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಅವಳು ತೀರಿಹೋದ ವರ್ಷವೇ ಅವನು ಬಣ್ಣದ ಡಬ್ಬಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ. ಫ್ಲೆಕ್ಸ್ ಬಂದು ಪಾಪ ಬೋರ್ಡಣ್ಣನ ಹೊಟ್ಟೆ ಮೇಲೆ ಹೊಡೆಯಿತು ಎಂದು ಊರು ಮರುಗಿತು. ಫ್ಲೆಕ್ಸ್ ಅಲ್ಲ, ಏನೂ ಅಲ್ಲ. ಸಂಜೆ ತಗಡಿನ ಪಕ್ಕ ಕೂರುವವಳು ಇರಲಿಲ್ಲ, ಅಷ್ಟೇ. ಮಗಳಿಗೆ ಹೇಳಬಹುದಿತ್ತು. ಆದರೆ ನೆರೆಮನೆಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬೆಳೆದ ಆ ಮಗಳು, ನರ್ಸಮ್ಮ ತೀರಿಕೊಂಡ ಮೇಲೆ ಏಳೂ ಮನೆ ನೋಡಿಕೊಳ್ಳುತ್ತಿದ್ದ ಮಗಳು, ಈ ಹೆಸರು ನಮ್ಮಪ್ಪ ಇಟ್ಟದ್ದು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವಳ ಮುಂದೆ ಹೇಗೆ ಬಾಯಿ ಬಿಡುವುದು?

ಎಂಟನೆಯ ನೆರೆಮನೆ ತೆರೆದದ್ದು ಕಲ್ಲು ಒಡೆಯುವವರ ಕೇರಿಯಲ್ಲಿ. ಅಲ್ಲಿ ಎರಡು ತಿಂಗಳಾದರೂ ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಮನೆಮನೆಗೆ ಹೋಗಿ ಕರೆದರೆ ಹೂಂ ಅನ್ನುತ್ತಾರೆ, ಬರುವುದಿಲ್ಲ. ತಿಂಗಳ ಕೊನೆಗೆ ಮುಚ್ಚಿಬಿಡೋಣ ಅಂತ ಜೊತೆಯವರು ಅನ್ನುತ್ತಿದ್ದಾರೆ ಎಂದು ಮಗಳು ಊಟದ ಮುಂದೆ ಸಪ್ಪೆಮೋರೆ ಹಾಕಿಕೊಂಡು ಹೇಳಿದಳು.

ಮರುದಿನ ಬೋರ್ಡಣ್ಣ ಅಲ್ಲಿಗೆ ಹೋಗಿ ಎದುರಿನ ಕಟ್ಟೆಯ ಮೇಲೆ ಕೂತ. ಬಾಗಿಲ ಮೇಲೆ ಆಳೆತ್ತರದ ಫ್ಲೆಕ್ಸ್, ಅದರ ತುಂಬ ಅಕ್ಷರ. ಕೆಮ್ಮುವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸೊಬ್ಬಳು ಬಂದಳು. ಬಾಗಿಲ ಹತ್ತಿರ ಹೆಜ್ಜೆ ನಿಧಾನವಾಯಿತು. ತಲೆಯೆತ್ತಿ ಅಕ್ಷರಗಳನ್ನು ನೋಡಿದಳು. ಸೆರಗು ಸರಿಮಾಡಿಕೊಳ್ಳುವವಳಂತೆ ಒಂದು ಗಳಿಗೆ ನಿಂತು, ಬೀದಿಯ ಆಚೆ ಬದಿಗೆ ದಾಟಿ ಹೊರಟುಹೋದಳು. ಆ ನಡಿಗೆ ಬೋರ್ಡಣ್ಣನದೇ. ಅಂಚೆ ಕಚೇರಿಯ ಮುಂದೆ, ಬ್ಯಾಂಕಿನ ಮುಂದೆ, ಮಗಳ ಶಾಲೆಯ ಮುಂದೆ ಎಷ್ಟು ಸಲ ಅವನು ಹಾಗೆ ಶರ್ಟಿನ ಗುಂಡಿ ಸರಿಮಾಡಿಕೊಂಡು ಆಚೆ ಬದಿಗೆ ದಾಟಿದ್ದನೋ.

ಮೂರು ದಿನ ಅದೇ ಕಟ್ಟೆಗೆ ಹೋಗಿ ಕೂತು ಬಂದ. ಹೇಳಿದರೆ ನಲವತ್ತು ವರ್ಷದ ಮರ್ಯಾದೆ ನೀರುಪಾಲು, ಮಗಳ ಹೆಮ್ಮೆಯೂ ಅದರ ಜೊತೆಗೆ. ಸುಮ್ಮನಿದ್ದರೆ ಆ ಬಾಗಿಲು ಮುಚ್ಚುತ್ತದೆ. ನಾಲ್ಕನೇ ದಿನ ಹಳಿಯಾಚೆಯ ಮೊದಲ ನೆರೆಮನೆಯಲ್ಲಿ ಸಭೆ. ಇವನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಅವನ ಹಳೆಯ ಬೋರ್ಡು, ತುಕ್ಕು ಹಿಡಿದದ್ದೆಂದು ಕೆಳಗಿಳಿಸಿ, ಒಳಗೆ ಗೋಡೆಗೆ ಒರಗಿಸಿ ಇಟ್ಟಿದ್ದರು. ಇನ್ನೂ ದೊಡ್ಡ ಫ್ಲೆಕ್ಸ್ ಹಾಕಿಸಿ ನೋಡೋಣ ಎಂದು ಮಗಳು ಹೇಳುತ್ತಿದ್ದಳು.

"ಇರೋದನ್ನೂ ಇಳಿಸಿ. ಅವರಿಗೆ ಓದೋಕೆ ಬರಲ್ಲ" ಅಂದ ಬೋರ್ಡಣ್ಣ.

ಓದುವ ತರಗತಿಯ ಮೇಷ್ಟ್ರು ತಿರುಗಿ, ಓದೋಕೆ ಬರದಿದ್ದರೆ ಏನಂತೆ, ಬಾಯಿಲ್ಲವಾ, ಏನು ಬರೆದಿದೆ ಎಂದು ಕೇಳಬಹುದಲ್ಲ ಅಂದರು.

"ಕೇಳಲ್ಲ ಮೇಷ್ಟ್ರೇ. ಕೇಳಿದ್ರೆ ಬರಲ್ಲ ಅಂತ ಗೊತ್ತಾಗಿಬಿಡುತ್ತಲ್ಲ. ಅದಕ್ಕೇ ಆಚೆ ದಾಟಿ ಹೋಗ್ತಾರೆ."

"ನಿನಗೆ ಹೇಗಪ್ಪಾ ಗೊತ್ತು?" ಎಂದು ಮಗಳು ಕೇಳಿದಳು.

"ನಂಗೂ ಬರಲ್ಲ ಮಗಳೇ. ಯಾವತ್ತೂ ಬಂದಿಲ್ಲ."

ಮೇಷ್ಟ್ರು ತಮಾಷೆ ಅಂದುಕೊಂಡು ನಕ್ಕು, ಅವನ ಮುಖ ನೋಡಿ ನಿಲ್ಲಿಸಿದರು. ಬೋರ್ಡಣ್ಣ ನಿಂತೇ ಎಲ್ಲ ಹೇಳಿದ. ಚೀಟಿ, ಸೀಮೆಎಣ್ಣೆ, ಬಳೆಯ ಮೇಲಿನ ಸುಳಿ. ಈ ಹೆಸರು ನಾನು ಯೋಚಿಸಿ ಇಟ್ಟದ್ದಲ್ಲ, ಎಣ್ಣೆ ಚೆಲ್ಲಿ ಆದದ್ದು ಅಂದ. ಪ್ರತಿ ಸಂಜೆ ನಿಮ್ಮಮ್ಮ ಬೆರಳಿಟ್ಟು ಓದುತ್ತಿದ್ದಳಲ್ಲ, ಅದು ನನಗಾಗಿ ಅಂದ. ಮಗಳ ಕಣ್ಣು ಹಳೆಯ ಬೋರ್ಡಿನ ಬಲಮೂಲೆಗೆ ಹೋಯಿತು, ಅಲ್ಲೇ ನಿಂತಿತು, ಕೈ ಬಾಯಿಯ ಮೇಲೆ ಬಂತು. ನಾಚಿಕೆಯಾಯಿತೇನೋ ಅವಳಿಗೆ ಎಂದುಕೊಂಡ ಇವನು.

ಡಬ್ಬಿಗಳು ಅಟ್ಟದಿಂದ ಇಳಿದವು. ಎಂಟನೇ ಬಾಗಿಲಿಗೆ ಬೋರ್ಡಣ್ಣ ಅಕ್ಷರವಿಲ್ಲದ ಬೋರ್ಡು ಬರೆದ. ಅರ್ಧ ತೆರೆದ ನೀಲಿ ಬಾಗಿಲು, ಒಳಗೊಂದು ಬೆಂಚು, ಬೆಂಚಿನ ಮೇಲೆ ಇಬ್ಬರು ಹೆಂಗಸರು, ಒಬ್ಬಳ ಮಡಿಲಲ್ಲಿ ಕೂಸು. ಅಕ್ಷರವೇ ಬೇಡ ಎಂದು ರುಜುವನ್ನೂ ಬಿಟ್ಟ. ತಾನೇ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಎರಡನೇ ದಿನ ಅದೇ ಹೆಂಗಸು ಬಂದಳು. ಚಿತ್ರ ನೋಡಿದಳು, ಇವನನ್ನು ನೋಡಿದಳು. ಇದು ಯಾರ ಮನೆ ಅಂದಳು. ನಿಮ್ಮ ನೆರೆಮನೆ ಕಣಮ್ಮ, ಬಾ ಅಂದ. ಒಳಗೆ ಹೋದಳು. ಆ ವಾರ ಒಂಬತ್ತು ಜನ ಬಂದರು. ಮುಚ್ಚುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅಲ್ಲಿ ಓದುವ ತರಗತಿ ಶುರುವಾದಾಗ ಆ ಹೆಂಗಸಿನ ಪಕ್ಕ ಬೋರ್ಡಣ್ಣನೂ ಕೂತ. ಅವನ ಸ್ಲೇಟು ನೋಡಿ ಮೇಷ್ಟ್ರು, ಬರವಣಿಗೆಯನ್ನು ನಿಮ್ಮಿಂದ ನಾನು ಕಲಿಯಬೇಕು, ಓದನ್ನು ಮಾತ್ರ ನಾನು ಹೇಳಿಕೊಡುತ್ತೇನೆ ಅಂದರು. ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ಕಲಿಸಲು ಐದು ತಿಂಗಳು ಹಿಡಿಯಿತು.

ಆರನೇ ತಿಂಗಳ ಒಂದು ಸಂಜೆ ಅವನು ಮಗಳ ಜೊತೆ ಮೊದಲ ನೆರೆಮನೆಗೆ ಹೋಗಿದ್ದ. ಗೋಡೆಗೆ ಒರಗಿಸಿದ್ದ ಹಳೆಯ ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತನ್ನ ರುಜುವಿನ ಮೇಲೆ ಬೆರಳಿಟ್ಟ. ಹೆಂಡತಿ ಇಡುತ್ತಿದ್ದ ಹಾಗೆಯೇ.

"ಕೈ... ಅ ವ ರ ದು. ಕ... ಕಣ್ಣು... ನ ನ್ನ ದು."

ಬೆರಳು ಅಲ್ಲೇ ನಿಂತಿತು. ಇನ್ನೊಮ್ಮೆ ಮೊದಲಿನಿಂದ ಓದಿದ. ಅದೇ ಬಂತು.

ಊರೆಲ್ಲ ಇದನ್ನು ಓದುತ್ತಿತ್ತಾ ಎಂದು ಮಗಳನ್ನು ಕೇಳಿದ. ಓದುತ್ತಿತ್ತು, ಗಂಡ ಹೆಂಡಿರ ಸರಸ ಎಂದುಕೊಂಡು ಎಲ್ಲರೂ ನಗುತ್ತಿದ್ದೆವು, ಅವತ್ತು ಸಭೆಯಲ್ಲೇ ನನಗೆ ಇದರ ನಿಜ ಹೊಳೆದದ್ದು ಅಂದಳು ಮಗಳು. ಕಳ್ಳಿ, ಎಷ್ಟು ವರ್ಷ ಬರೆಸಿದಳು ನೋಡು ನನ್ನ ಕೈಯಿಂದಲೇ, ಎಂದು ಬೋರ್ಡಣ್ಣ ನಗಲು ಹೋದ. ನಗು ಅರ್ಧಕ್ಕೆ ಅಳುವಾಯಿತು. ಮಗಳು ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದಳು.

ಮರುದಿನ ಸಣ್ಣ ಬ್ರಷ್ಷು ಹಿಡಿದು ಕಲ್ಲು ಒಡೆಯುವವರ ಕೇರಿಗೆ ಹೋದ. ಸ್ಟೂಲು ಹತ್ತಿ, ಅಕ್ಷರವಿಲ್ಲದ ಆ ಬೋರ್ಡಿನ ಬಲಮೂಲೆಯಲ್ಲಿ ಆ ಒಂದು ಸಾಲು ಬರೆದ. ಕೆಳಗೆ ನಿಂತಿದ್ದ ಕೂಸಿನ ತಾಯಿ ತಾನು ಕಲಿತಷ್ಟರಲ್ಲಿ ತಡವರಿಸಿ ಅದನ್ನು ಓದಿ, ಯಾರ ಕಣ್ಣು ಅಣ್ಣಾ ಎಂದು ಕೇಳಿದಳು.

"ನನ್ನ ಹೆಂಡತೀದಮ್ಮ" ಅಂದ ಬೋರ್ಡಣ್ಣ, ಮತ್ತು ಬಣ್ಣ ಒಣಗುವವರೆಗೆ ಸ್ಟೂಲಿನ ಮೇಲೆಯೇ ನಿಂತಿದ್ದ.