ಪವರ್ ಮಿಷನ್ನಿಗೆ ಹಾಕಿದ ಚಿಕ್ಕ ಪುಲ್ಲಿ

ನನಗೆ ಹೊಲಿಗೆ ಕಲಿಸಲು ಬರುತ್ತದೆ. ಇದನ್ನು ಜಂಬ ಎಂದುಕೊಳ್ಳುವವರು ಅಂದುಕೊಳ್ಳಲಿ. ತೊಂಬತ್ತರ ದಶಕದಲ್ಲಿ ಮಲ್ಲೇಶ್ವರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗ್ ಕ್ಲಾಸ್ ನಡೆಸುತ್ತಿದ್ದೆ. ಕಾಲಲ್ಲಿ ತುಳಿಯುವ ನಾಲ್ಕು ಮಿಷನ್, ಬಟ್ಟೆ ಕತ್ತರಿಸಲು ಒಂದು ಮೇಜು, ಗೋಡೆಗೆ ಒರಗಿಸಿದ ಕನ್ನಡಿ. ಸೂಜಿಗೆ ದಾರ ಪೋಣಿಸಲು ಬಾರದವರೂ ನನ್ನ ಹತ್ತಿರ ಬಂದು ಬ್ಲೌಸಿಗೆ ತೋಳು ಕೂರಿಸುವುದನ್ನು ಕಲಿತು ಹೋಗಿದ್ದಾರೆ.

ಆದರೆ ಬರಬರುತ್ತಾ ಬ್ಲೌಸು ಯಾರಿಗೂ ಬೇಡವಾಯಿತು. ಎಲ್ಲರಿಗೂ ಪೀಣ್ಯದ ಗಾರ್ಮೆಂಟ್ಸ್ ಕೆಲಸ ಬೇಕು. ಅಲ್ಲಿ ಟ್ರಯಲ್ ಇರುತ್ತದೆ. ಪವರ್ ಮಿಷನ್ ಮುಂದೆ ಕೂರಿಸಿ, ಕೈಗೊಂದು ಕಾಲರ್ ಕೊಟ್ಟು, ಹೊಲಿ ಎನ್ನುತ್ತಾರೆ. ಅದಕ್ಕೇ ಹಳೆಯದೊಂದು ಪವರ್ ಮಿಷನ್ ಕೊಂಡು ತಂದೆ. ಸ್ವಿಚ್ ಹಾಕಿದರೆ ಅದರ ಮೋಟಾರು ಮೇಜಿನ ಕೆಳಗೆ ಗುಂಯ್ ಎಂದು ತಿರುಗುತ್ತಲೇ ಇರುತ್ತದೆ. ಪೆಡಲಿಗೆ ಮುಂಗಾಲು ಸೋಕಿದರೆ ಸಾಕು, ಸೂಜಿ ಓಟ ಕೀಳುತ್ತದೆ. ಹಿಮ್ಮಡಿ ಒತ್ತಿದರೆ ನಿಲ್ಲುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಮೊದಲು ಅದರ ಮೇಲೆ ಕೂತವಳು ಓಕಳಿಪುರದಿಂದ ಬಂದು ನಮ್ಮ ಬೀದಿಯ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು. ಪಕ್ಕದ ಮನೆಯ ಹಿತ್ತಲಲ್ಲಿ ಕಂಡರೆ ನನ್ನನ್ನು ‘ಅಮ್ಮ’ ಎನ್ನುವಳು, ಚಪ್ಪಲಿ ಬಿಟ್ಟು ಕ್ಲಾಸಿಗೆ ಕಾಲಿಟ್ಟರೆ ‘ಮಿಸ್’. ಅವಳ ಬೆರಳ ಸಂದಿಗಳಲ್ಲಿ ವರ್ಷವಿಡೀ ಹುಣ್ಣು.

“ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ ಮಿಸ್, ನಂಗೆ ಮೊಸರು ಆಮೇಲೆ. ಮೊದ್ಲು ಕೈ ಒಣಗ್ಬೇಕು. ಒಣಗಿದ ಕೈಲಿ ಮಾಡೋ ಕೆಲ್ಸ ಬೇಕು” ಎಂದಿದ್ದಳು.

ಕಾಲು ಮಿಷನ್ನಿನಲ್ಲಿ ಅವಳು ಪಳಗಿದವಳೇ. ತೊಂದರೆಯಾದದ್ದೂ ಅದರಿಂದಲೇ. ಅದರಲ್ಲಿ ಕಲಿತವರ ಪಾದ ತೊಟ್ಟಿಲು ತೂಗಿದ ಹಾಗೆ ಹಿಂದೆ ಮುಂದೆ ಆಡುತ್ತದೆ. ನಿಲ್ಲಿಸಬೇಕೆಂದರೆ ಬಲಗೈ ತಾನಾಗಿ ಚಕ್ರದ ಮೇಲೆ ಹೋಗುತ್ತದೆ. ಅವಳು ಪವರ್ ಮಿಷನ್ನಿನಲ್ಲೂ ಹಾಗೇ ಪಾದ ತೂಗಿದಳು. ಅದು ಹಾರಿತು, ನಿಂತಿತು, ಮತ್ತೆ ಹಾರಿತು. ಗಾಬರಿಯಲ್ಲಿ ಚಕ್ರ ಹಿಡಿದಳು. ಅಂಗೈ ತರಚಿತು, ಸೂಜಿ ಮುರಿದು ಚೂರು ಕನ್ನಡಿಗೆ ಬಡಿಯಿತು.

“ನಾ ಇನ್ನು ಇದ್ರ ಮೇಲೆ ಕೂರಲ್ಲ ಮಿಸ್.”

ಕೂರದಿದ್ದರೆ ಪೀಣ್ಯವೂ ಇಲ್ಲ, ಒಣಗಿದ ಕೈಯೂ ಇಲ್ಲ. ನಾನು ಬಿಡುವವಳೇ? ಮಾರನೇ ದಿನವೇ ಪೇಟೆಗೆ ಹೋಗಿ, ಮಿಷನ್ ಸಾಮಾನಿನ ಅಂಗಡಿಯಲ್ಲಿ ಮೋಟಾರಿಗೆ ಇರುವುದರಲ್ಲೆಲ್ಲ ಚಿಕ್ಕ ಪುಲ್ಲಿ ಕೊಡಿ ಎಂದೆ. ಪುಲ್ಲಿ ಎಂದರೆ ಬೆಲ್ಟ್ ಸುತ್ತುವ ಗಾಲಿ. ಅದು ಚಿಕ್ಕದಾದಷ್ಟೂ ಮಿಷನ್ ನಿಧಾನ.

“ಸ್ಪೀಡ್ ಜಾಸ್ತಿ ಮಾಡೋಕೆ ಬರ್ತಾರೆ ಮೇಡಂ, ಕಮ್ಮಿ ಮಾಡೋಕೆ ಬಂದೋರು ನೀವೇ ಮೊದ್ಲು” ಎಂದು ಅಂಗಡಿಯವನು ನಕ್ಕ. “ಕುದುರೆ ತಗೊಂಡು ಕಾಲು ಕಟ್ತೀರಲ್ಲ!”

“ಹತ್ತೋದು ಕಲಿಯೋವರ್ಗೂ ಕಟ್ಲೇಬೇಕು. ಬಿದ್ರೆ ನೀವು ಎತ್ತೋಕೆ ಬರ್ತೀರಾ?” ಎಂದೆ. ಅವನು ಪುಲ್ಲಿ ಕಟ್ಟಿಕೊಟ್ಟ.

ಮನೆಗೆ ಬಂದು ನಾನೇ ಸ್ಪ್ಯಾನರ್ ಹಿಡಿದು ಪುಲ್ಲಿ ಬದಲಿಸಿದೆ. ಸಡಿಲಾದ ಬೆಲ್ಟ್ ಬಿಗಿಯಾಗಲೆಂದು ಮೋಟಾರನ್ನು ಕೊಂಚ ಕೆಳಗಿಳಿಸಿದೆ. ಅಷ್ಟಕ್ಕೂ ಸಮಾಧಾನವಾಗದೆ ಹಳೇ ಹವಾಯಿ ಚಪ್ಪಲಿಯ ಮುಂಭಾಗ ಕತ್ತರಿಸಿ ಪೆಡಲಿನ ಕೆಳಗೆ ತುರುಕಿದೆ. ಈಗ ಎಷ್ಟು ಒತ್ತಿದರೂ ಪೆಡಲು ಅರ್ಧಕ್ಕಿಂತ ಕೆಳಗಿಳಿಯದು. ಬಿಚ್ಚಿದ ದೊಡ್ಡ ಪುಲ್ಲಿ ಬಿಸ್ಕತ್ತಿನ ಡಬ್ಬಿ ಸೇರಿತು. ಮಿಷನ್ ಮದುವೆಯಾದ ಮೊದಲ ವಾರದ ಸೊಸೆಯಂತೆ ತಗ್ಗಿ ಬಗ್ಗಿ ನಡೆಯತೊಡಗಿತು.

ಅವಳನ್ನು ಮತ್ತೆ ಕೂರಿಸಿದೆ. “ಮುಂಗಾಲು ಆಸೆ, ಹಿಮ್ಮಡಿ ಬುದ್ಧಿ. ಬುದ್ಧಿ ಕೈಲಿದ್ರೆ ಆಸೆಗೆ ಹೆದರ್ಬೇಕಾಗಿಲ್ಲ” ಎಂದೆ. ಇದು ನನ್ನದೇ ಗಾದೆ, ಯಾವ ಅಜ್ಜಿಯೂ ಹೇಳಿದ್ದಲ್ಲ. ದಿನಕ್ಕೆ ನೂರು ಸಲ ಪಕ್ಕದಲ್ಲಿ ನಿಂತು “ಹಿಮ್ಮಡಿ, ಹಿಮ್ಮಡಿ” ಎಂದು ಕೂಗುತ್ತಿದ್ದೆ. ಎರಡು ತಿಂಗಳಲ್ಲಿ ಅವಳ ಕಾಲರಿನ ಮೂಲೆ ಚೂಪಾಗಿ ಬಂತು. ಟ್ರಯಲ್‌ಗೆ ಕಳಿಸಿದೆ.

ಮಧ್ಯಾಹ್ನಕ್ಕೇ ವಾಪಸು ಬಂದಳು. “ಅಲ್ಲಿ ಮಿಷನ್ ಓಡುತ್ತೆ ಮಿಸ್. ನಮ್ದು ನಡೆಯುತ್ತೆ.”

ನನಗೆ ಸಿಟ್ಟು ಬಂತು. ಅಲ್ಲಿಯ ಮಿಷನ್ ಸರಿಯಿಲ್ಲ, ಬೆಳಕು ಸರಿಯಿಲ್ಲ, ಸೂಪರ್‌ವೈಸರ್‌ಗೆ ಕಣ್ಣಿಲ್ಲ ಎಂದು ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಲ್ಲ ಕೇಳಿಸಿಕೊಂಡು ಅವಳು ಮೆಲ್ಲಗೆ ಕೇಳಿದಳು: “ಮಿಸ್, ನೀವು ಆ ದೊಡ್ಡ ಪುಲ್ಲೀಲಿ ಹೊಲಿದಿದೀರಾ?”

ಮಿಷನ್ ತಂದ ದಿನ ಒಂದೇ ಸಲ ಹೊಲಿದಿದ್ದೆ. ಬೆರಳಿಗೂ ಸೂಜಿಗೂ ಕೂದಲೆಳೆಯಷ್ಟು ಅಂತರ ಉಳಿದಿತ್ತು. ಯಾರೂ ನೋಡಿರಲಿಲ್ಲ. ಚಿಕ್ಕ ಪುಲ್ಲಿಯನ್ನು ಅವಳಿಗಾಗಿ ತಂದೆ ಎಂದು ಬೀದಿಗೆಲ್ಲ ಹೇಳಿಕೊಂಡಿದ್ದೆ. ಅರ್ಧ ನನಗಾಗಿಯೇ ತಂದದ್ದು. ಅವಳು ಕಲಿತ ಮೇಲೂ ದೊಡ್ಡದನ್ನು ಡಬ್ಬಿಯಿಂದ ತೆಗೆಯದೇ ಇದ್ದದ್ದೂ ಅದಕ್ಕೇ. ನನಗೆ ನಾಚಿಕೆಯಾಯಿತು.

“ಒಂದೇ ಸಲ. ಹೆದರಿ ಬಿಟ್ಟೆ” ಎಂದೆ. ಡಬ್ಬಿ ತೆರೆದು ದೊಡ್ಡ ಪುಲ್ಲಿ ಹಾಕಿದೆ, ಚಪ್ಪಲಿ ತುಂಡು ಕಿತ್ತೆಸೆದೆ. ಮೊದಲು ನಾನೇ ಕೂತೆ. ಮುಂಗಾಲಿಟ್ಟೆ. ಬಟ್ಟೆ ಕೈಯಿಂದ ಕಿತ್ತುಕೊಂಡು ಓಡಿತು, ನನ್ನ ಬಲಗೈ ಚಕ್ರದ ಕಡೆ ಎದ್ದೇ ಬಿಟ್ಟಿತು. ಅಷ್ಟರಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಅವಳು ನನ್ನ ಹಿಮ್ಮಡಿಯನ್ನು ಕೈಯಿಂದ ಒತ್ತಿ ಹಿಡಿದಳು.

“ಹಿಮ್ಮಡಿ, ಮಿಸ್. ಹಿಮ್ಮಡಿ.”

ಮಿಷನ್ ನಿಂತಿತು. ಆಮೇಲೆ ಹದಿನೈದು ದಿನ ಒಬ್ಬರಾದ ಮೇಲೆ ಒಬ್ಬರು ಕೂತು, ಒಬ್ಬರಿಗೊಬ್ಬರು ಹಿಮ್ಮಡಿ ಎಂದು ಕೂಗಿಕೊಂಡೇ ಕಲಿತೆವು. ಎರಡನೇ ಟ್ರಯಲ್‌ನಲ್ಲಿ ಅವಳು ಪಾಸಾದಳು. ಅಂದಿನಿಂದ ಕ್ಲಾಸಿನಲ್ಲಿ ಒಂದು ಕಟ್ಟಳೆ ಮಾಡಿದೆ. ಚಿಕ್ಕ ಪುಲ್ಲಿ ಒಂದೇ ತಿಂಗಳು, ದೊಡ್ಡದು ಹಾಕಿದ ದಿನ ಮೊದಲು ಕೂರುವುದು ಮಿಸ್ಸು.

ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಅವಳು ಬಂದಳು. ಕ್ಲಾಸಿಗಲ್ಲ, ನೆಂಟರ ಹಾಗೆ. ಕಾಫಿ ಲೋಟ ಕೆಳಗಿಟ್ಟು, ಎರಡೂ ಕೈ ನನ್ನ ಮುಂದೆ ಚಾಚಿದಳು.

“ಮುಟ್ಟಿ ನೋಡಿ ಮಿಸ್.”

ಬೆರಳ ಸಂದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲ ಒಣಗಿತ್ತು.