ಸೂಜಿ ತಪ್ಪಿದ ಎರಡು ಕುರಿ

ನಮ್ಮ ಚಿಕ್ಕಮ್ಮನಿಗೆ ಯಾರನ್ನಾದರೂ ಬಿಟ್ಟರೆ ಆಗುವುದಿಲ್ಲ. ಊಟಕ್ಕೆ ಕೂತವರಲ್ಲಿ ಒಬ್ಬರ ತಟ್ಟೆ ಖಾಲಿ ಕಂಡರೂ ಬಡಿಸಿಯೇ ಬಿಡುತ್ತಾಳೆ, ಬೇಡ ಅಂದರೂ ಕೇಳುವವಳಲ್ಲ. ಇಪ್ಪತ್ತು ವರ್ಷ ಲಸಿಕೆ ಕಟ್ಟಡದ ನೆಲ ಒರೆಸಿದವಳನ್ನು ಈ ವರ್ಷ ಲಸಿಕೆ ಪರೀಕ್ಷೆಯ ಕುರಿಮನೆಗೆ ಹಾಕಿದರು. ನಾನು ಅಲ್ಲಿ ಕುರಿಗಳ ಜ್ವರ ನೋಡಿ ಬರೆಯುವವಳು. ಅವಳಿಗೆ ಕೆಲಸ ಹೇಳಿಕೊಟ್ಟವಳೂ ನಾನೇ. ಅದೂ ಅರ್ಧಂಬರ್ಧ.

ಕುರಿಗಳಿಗೆ ಬರುವ ಗಂಟಲು ಬೇನೆಗೆ ಹೊಸ ಲಸಿಕೆ ಮಾಡಿದ್ದೆವು. ಎಂಟು ಕುರಿಗೆ ಚುಚ್ಚಿ, ಎರಡನ್ನು ಹಾಗೇ ಬಿಟ್ಟೆವು. ಮೂರು ವಾರದ ಮೇಲೆ ಹತ್ತಕ್ಕೂ ರೋಗಾಣು ಕೊಟ್ಟೆವು. ಚುಚ್ಚಿದ ಎಂಟು ಬದುಕಬೇಕು, ಚುಚ್ಚದ ಎರಡು ಸಾಯಬೇಕು. ಆಗಲೇ ಲಸಿಕೆ ಪಾಸು. ನೋಡಿದರೆ ಹತ್ತೂ ಆರಾಮಾಗಿ ಸೊಪ್ಪು ಮೇಯುತ್ತಿವೆ!

ಡಾಕ್ಟರು ತಲೆ ಕೆರೆದುಕೊಂಡರು. ರೋಗಾಣುವೇ ಸತ್ತಿತ್ತೇ? ಕಿವಿಯ ನಂಬರು ಅದಲುಬದಲಾಯಿತೇ? ನನ್ನ ಪುಸ್ತಕವನ್ನು ಮೂರು ಸಲ ತಿರುವಿಹಾಕಿದರು. ನನಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ, ನಂಬುವ ಹಾಗಿಲ್ಲ, ಇಡೀ ಬ್ಯಾಚ್ ಚೆಲ್ಲಿ ಎಂದರು. ಆರು ತಿಂಗಳ ಕೆಲಸ!

ಚೆಲ್ಲಲು ಬಾಟಲಿ ಎತ್ತುವಾಗ ಚಿಕ್ಕಮ್ಮ ನನ್ನ ತೋಳು ಹಿಡಿದಳು.

"ಯಾಕೇ ಚೆಲ್ತಿದೀರಾ?"

"ಆ ಎರಡು ಸಾಯ್ಲಿಲ್ವಲ್ಲ, ಅದಕ್ಕೆ."

"ಬದುಕಿದ್ದೇ ತಪ್ಪಾ? ನಿಮಗೇನು ತಲೆ ಕೆಟ್ಟಿದೆಯಾ? ಆವತ್ತು ನೀನು ಎರಡನ್ನ ಮರೆತು ಊಟಕ್ಕೆ ಹೋದೆ. ಬಾಟ್ಲಿ ತಳದಲ್ಲಿ ಔಷಧಿ ಉಳಿದಿತ್ತು, ನೀನು ಚುಚ್ಚೋದು ನೋಡಿದ್ನಲ್ಲ, ನಾನೇ ಚುಚ್ಚಿದೆ. ನಿನ್ನ ಬೈತಾರೆ ಅಂತ ಬಾಯಿ ಬಿಡಲಿಲ್ಲ."

ಹೇಳಿದರೆ ಇವಳ ಕೆಲಸಕ್ಕೆ ಕುತ್ತು, ಸುಮ್ಮನಿದ್ದರೆ ಒಳ್ಳೆಯ ಲಸಿಕೆ ಚರಂಡಿ ಪಾಲು. ನಾನು ಬೆಪ್ಪಾಗಿ ನಿಂತಿರುವಾಗಲೇ ಅವಳು ಸೀದಾ ಡಾಕ್ಟರ ಕೋಣೆಗೆ ಹೋಗಿ ಹೇಳಿಬಿಟ್ಟಳು.

ಡಾಕ್ಟರು ಎರಡನ್ನು ಯಾಕೆ ಬಿಡುತ್ತೇವೆ ಎಂದು ಅವಳಿಗೆ ಬಿಡಿಸಿ ಹೇಳಿದರು. ನಾನು ಹೇಳಬೇಕಾಗಿದ್ದ ಮಾತು ಅದು.

"ಬ್ಯಾಚ್ ಚೆಲ್ಲೋದು ಬೇಡ. ಪರೀಕ್ಷೆ ಮತ್ತೆ ಮಾಡೋಣ," ಎಂದರು. "ಹೊಸ ಹತ್ತು ಕುರಿ ಬಂದಿವೆಯಲ್ಲ, ಚುಚ್ಚದೆ ಬಿಡೋ ಎರಡಕ್ಕೆ ನೀವೇ ಬಣ್ಣ ಹಚ್ಚಿಬಿಡಿ ಅಮ್ಮ. ಯಾವುದಾದ್ರೂ ಸರಿ."

ಚಿಕ್ಕಮ್ಮನ ಕೆಲಸ ಉಳಿಯಿತು. ಆದರೆ ಅವಳ ಮುಖದಲ್ಲಿ ಕಳೆ ಇರಲಿಲ್ಲ. ಕೆಂಪು ಬಣ್ಣದ ಡಬ್ಬಿ ಹಿಡಿದು ಕುರಿಗಳ ನಡುವೆ ಹೋದಳು, ಹಿಂದೆಯೇ ನಾನು. ಸೊಪ್ಪು ತಂದಳೆಂದುಕೊಂಡು ಹತ್ತೂ ಅವಳ ಸೆರಗಿಗೆ ಮುತ್ತಿದವು.

"ಯಾವುದಕ್ಕೇ ಹಚ್ಚಲಿ?"

"ಯಾವುದಾದ್ರೂ ಸರಿ ಅಂದ್ರಲ್ಲ."

"ಹಂಗಂದ್ರೆ ಯಾವುದು?"

ಅವಳು ಡಬ್ಬಿಯನ್ನು ನನ್ನ ಕೈಗಿಟ್ಟಳು. "ಸಾವಿರಾರು ಕುರಿ ಉಳಿಯುತ್ತೆ ಅಂತೀರಲ್ಲ, ನಿಜಾನೇ ಇರಬೇಕು. ನೀನೇ ಹಚ್ಚು. ನನ್ನ ಕೈಲಿ ಆಗಲ್ಲ ಕಣೇ."

ಹನ್ನೊಂದು ವರ್ಷದಿಂದ ಚುಚ್ಚದ ಕುರಿಗಳ ಜ್ವರವನ್ನೂ ಬರೆದಿದ್ದೇನೆ, ಅವು ಸತ್ತ ಗಂಟೆಯನ್ನೂ ಬರೆದಿದ್ದೇನೆ. ಆವತ್ತು ಡಬ್ಬಿ ಹಿಡಿದು ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದೆ.